ಪರರ ಮನಸ್ಸನ್ನು ಅರಿಯುವ ಅಧಿಕಾರ

ಬೆಂಗಳೂರು ದಕ್ಷಿಣದ ಬಿ.ಟಿ.ಎಂ. ಬಡಾವಣೆಯ ಹೆಸರು ಬೈರಸಂದ್ರ, ತಾವರೆಕೆರೆ ಮತ್ತು ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರಗಳಿಂದ ಆದದ್ದು. ಅವುಗಳಲ್ಲಿ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಅಲ್ಲಿಂದ ಹೊಸೂರು ರಸ್ತೆಯಲ್ಲಿ ನಗರದ ಕಡೆಗೆ ಕೆಲವು ಕಿಲೋಮೀಟರು ಬಂದರೆ, ಜಯನಗರದ ಅಂಚಿನಲ್ಲಿ, ಜನ ನಿಮ್ಹಾನ್ಸ್ ಎಂದೇ ಕರೆಯುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಸಿಗುತ್ತದೆ. ಮನುಷ್ಯನ ಮನಸ್ಸನ್ನು ಹೊರಗಿನಿಂದ ಓದಬಹುದೇ, ಓದಬಹುದಾದರೆ ಯಾರು ಓದಬಹುದು ಎಂಬ ಪ್ರಶ್ನೆಯ ಈಚಿನ ಭಾರತೀಯ ಚರಿತ್ರೆಯ ಒಂದು ಮುಖ್ಯ ಭಾಗ ಈ ಸಣ್ಣ ದೂರದ ಆಸುಪಾಸಿನಲ್ಲಿಯೇ ನಡೆದುಹೋಗಿದೆ.

ಈಗ ಆ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದುರಾಗಿದೆ. ಮಿದುಳಿನ ವಿದ್ಯುತ್ ಸಂಕೇತಗಳನ್ನು ಗಣಕಯಂತ್ರಕ್ಕೆ ನೇರವಾಗಿ ಮುಟ್ಟಿಸುವ ಸಾಧನಗಳು ಆಸ್ಪತ್ರೆಯ ಕೊಠಡಿಯಿಂದ ಅಂಗಡಿಯ ಕಪಾಟಿಗೆ ಬರುತ್ತಿವೆ. ಜರ್ಮನಿಯ ಹ್ಯಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ತಲೆಯ ಮೇಲಿನಿಂದ ಮಿದುಳಿನ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿದನು. ಅರ್ಧ ಶತಮಾನದ ತರುವಾಯ, ೧೯೭೩ರಲ್ಲಿ, ಜಾಕ್ ವಿಡಾಲ್ ಎಂಬ ವಿಜ್ಞಾನಿ ಮಿದುಳು-ಗಣಕ ಸಂಪರ್ಕ ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟನು. ೨೦೨೪ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಕಂಪನಿ ಕೈಕಾಲುಗಳ ಚಲನೆ ಕಳೆದುಕೊಂಡ ಯುವಕನೊಬ್ಬನ ಮಿದುಳಿನಲ್ಲಿ ೧೦೨೪ ವಿದ್ಯುದಗ್ರಗಳುಳ್ಳ ಬಿಲ್ಲೆಯನ್ನು ಅಳವಡಿಸಿತು. ಅವನು ಕೈಯಾಡಿಸದೆ ಪರದೆಯ ಮೇಲೆ ಚದುರಂಗವಾಡಿದನು. ಶಸ್ತ್ರಚಿಕಿತ್ಸೆ ಬೇಡದ, ಹಣೆಗೆ ಕಟ್ಟಿಕೊಳ್ಳುವ ಪಟ್ಟಿಗಳಂತೂ ಹತ್ತು ವರ್ಷಗಳಿಂದ ಮಾರುಕಟ್ಟೆಯಲ್ಲಿವೆ. ಧ್ಯಾನಕ್ಕೆ, ನಿದ್ರೆಗೆ, ಓದಿನ ಏಕಾಗ್ರತೆಗೆ ಅವು ನೆರವಾಗುತ್ತವೆಂದು ಮಾರುವವರು ಹೇಳುತ್ತಾರೆ. ರೋಗವಿಲ್ಲದ ಸಾಮಾನ್ಯನಿಗೆ ಇದರಿಂದ ಪ್ರಯೋಜನವುಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದು ಕೇವಲ ಯಂತ್ರಶಾಸ್ತ್ರದ ಪ್ರಶ್ನೆಯಲ್ಲ. ಪರರ ಮನಸ್ಸನ್ನು ಅರಿಯುವುದು ಒಂದು ಪ್ರತ್ಯೇಕ ಬಗೆಯ ಜ್ಞಾನವೆಂದು ಗುರುತಿಸಿ, ಅದಕ್ಕೆ ಹೆಸರಿಟ್ಟು, ಅದರ ಅಧಿಕಾರಿ ಯಾರೆಂದು ನಿರ್ಣಯಿಸಿದ ಶಾಸ್ತ್ರಪರಂಪರೆಯೊಂದು ಕನ್ನಡ ನಾಡಿನಲ್ಲಿ ಬಹುಕಾಲ ಬಾಳಿದೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದಾಗಿ ವಿಂಗಡಿಸುತ್ತದೆ. ಇಂದ್ರಿಯ ಮತ್ತು ಮನಸ್ಸುಗಳಿಂದ ಆಗುವುದು ಮತಿ. ಅದನ್ನು ಆಶ್ರಯಿಸಿ ಶಬ್ದಾದಿಗಳಿಂದ ಬೆಳೆಯುವುದು ಶ್ರುತ. ಇಂದ್ರಿಯಗಳ ನೆರವಿಲ್ಲದೆ ದೂರದ ಮೂರ್ತ ವಸ್ತುಗಳನ್ನು ಒಂದು ಎಲ್ಲೆಯೊಳಗೆ ಕಾಣುವುದು ಅವಧಿ. ಇತರರ ಮನಸ್ಸಿನಲ್ಲಿರುವುದನ್ನು ಅರಿಯುವುದು ಮನಃಪರ್ಯಯ. ಮನಃಪರ್ಯಯದಲ್ಲಿ ಋಜುಮತಿ, ವಿಪುಲಮತಿ ಎಂಬ ಎರಡು ಭೇದಗಳಿವೆ. ನೇರವಾದ ಆಲೋಚನೆಯನ್ನಷ್ಟೇ ಋಜುಮತಿ ತಿಳಿಯುತ್ತದೆ; ವಕ್ರವಾದುದನ್ನೂ ವಿಪುಲಮತಿ ತಿಳಿಯುತ್ತದೆ. ಋಜುಮತಿ ಬಂದು ಹೋಗಬಹುದು. ವಿಪುಲಮತಿ ಕೇವಲಜ್ಞಾನದವರೆಗೂ ಜಾರುವುದಿಲ್ಲ.

ಅವಧಿಗೂ ಮನಃಪರ್ಯಯಕ್ಕೂ ಇರುವ ವ್ಯತ್ಯಾಸವನ್ನು ಸೂತ್ರಕಾರನು ನಾಲ್ಕು ನೆಲೆಗಳಲ್ಲಿ ಹೇಳುತ್ತಾನೆ: ವಿಶುದ್ಧಿ, ಕ್ಷೇತ್ರ, ಸ್ವಾಮಿ, ವಿಷಯ. ಇವುಗಳಲ್ಲಿ ಸ್ವಾಮಿ ಎಂಬ ಮಾತು ಇಲ್ಲಿನ ಚರ್ಚೆಗೆ ಬೇಕಾದುದು. ಸ್ವಾಮಿ ಎಂದರೆ ಆ ಜ್ಞಾನವನ್ನು ಹೊಂದಿದವನು. ಅವಧಿಜ್ಞಾನ ದೇವಗತಿಯವರಿಗೂ ನರಕಗತಿಯವರಿಗೂ ಹುಟ್ಟಿನಿಂದಲೇ ಬರುತ್ತದೆ; ಮನುಷ್ಯ ತಿರ್ಯಂಚರಲ್ಲಿಯೂ ಕೆಲವರಿಗೆ ಲಭಿಸುತ್ತದೆ. ಅಂದರೆ ದೂರದ್ದನ್ನು ಕಾಣುವ ಶಕ್ತಿ ನಾರಕಿಗೂ ಉಂಟು. ಆದರೆ ಪರರ ಮನಸ್ಸನ್ನು ಅರಿಯುವ ಶಕ್ತಿ ದೇವತೆಗಳಿಗೂ ಇಲ್ಲ. ಅದು ಮನುಷ್ಯರಲ್ಲಿ ಮಾತ್ರ, ಅವರಲ್ಲಿಯೂ ಸಂಯಮಿಗಳಾದ, ಋದ್ಧಿ ಪಡೆದ ಮುನಿಗಳಲ್ಲಿ ಕೆಲವರಿಗೆ ಮಾತ್ರ. ಪರಿಗ್ರಹವನ್ನು ಬಿಟ್ಟವನಿಗಲ್ಲದೆ, ಇನ್ನೊಬ್ಬರ ಮನಸ್ಸಿನಿಂದ ತನಗೆ ಆಗಬೇಕಾದದ್ದೇನೂ ಇಲ್ಲದವನಿಗಲ್ಲದೆ ಈ ಬಾಗಿಲು ತೆರೆಯದು. ಈ ವ್ಯವಸ್ಥೆಯನ್ನು ಐತಿಹ್ಯವೆಂದು ನಂಬುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು. ಅದರೊಳಗಿರುವ ನೀತಿವಿವೇಕ ಮಾತ್ರ ಸ್ಪಷ್ಟವಾಗಿದೆ. ಜ್ಞಾನದ ಸಾಧ್ಯತೆಯನ್ನು ವಿಚಾರಿಸುವಾಗಲೇ ಅದರ ಒಡೆಯ ಯಾರೆಂದೂ ವಿಚಾರಿಸಬೇಕು.

ಆಧುನಿಕ ಯಂತ್ರಗಳ ಚರಿತ್ರೆಯಲ್ಲಿ ಈ ಎರಡನೆಯ ವಿಚಾರಣೆ ತಡವಾಗಿ ಬಂದಿತು. ಅಪರೂಪದ, ಅರ್ಥವುಳ್ಳ ಸಂಗತಿಯೊಂದು ಕಣ್ಣಿಗೋ ಕಿವಿಗೋ ಬಿದ್ದಾಗ, ಸುಮಾರು ೩೦೦ ಮಿಲಿಸೆಕೆಂಡುಗಳ ಅನಂತರ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ವಿಜ್ಞಾನಿಗಳು ಅದನ್ನು ಪಿ-೩೦೦ ಎನ್ನುತ್ತಾರೆ. ೧೯೮೮ರಲ್ಲಿ ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನ್ಯುಯಲ್ ಡೊಂಚಿನ್ ಈ ಅಲೆಯನ್ನು ಬಳಸಿ ಒಂದು ಬರವಣಿಗೆಯ ಸಾಧನವನ್ನು ರೂಪಿಸಿದರು. ಪರದೆಯ ಮೇಲೆ ಆರು ಸಾಲು, ಆರು ಕಂಬಗಳ ಚೌಕ. ಅದರಲ್ಲಿ ಇಂಗ್ಲಿಷಿನ ೨೬ ಅಕ್ಷರಗಳು ಮತ್ತು ಕೆಲವು ಆದೇಶಗಳು. ಸಾಲುಗಳೂ ಕಂಬಗಳೂ ಒಂದಾದ ಮೇಲೊಂದು ಮಿನುಗುತ್ತವೆ. ಬರೆಯಬೇಕೆಂದಿರುವ ಅಕ್ಷರ ಮಿನುಗಿದಾಗ ನೋಡುವವನ ಮಿದುಳಿನಲ್ಲಿ ಅಲೆ ಏಳುತ್ತದೆ. ಯಂತ್ರ ಆ ಅಕ್ಷರವನ್ನು ಹಿಡಿಯುತ್ತದೆ. ವೇಗ ನಿಮಿಷಕ್ಕೆ ಎರಡು ಅಕ್ಷರಕ್ಕಿಂತ ತುಸು ಹೆಚ್ಚು. ಆದರೂ ದೇಹವೆಲ್ಲ ಸ್ತಬ್ಧವಾದವನಿಗೆ ಅದು ಮಾತು.

ಮೂರು ವರ್ಷಗಳ ಬಳಿಕ, ೧೯೯೧ರಲ್ಲಿ, ಅದೇ ಇಬ್ಬರು ವಿದ್ವಾಂಸರು ಅದೇ ಅಲೆಯನ್ನು ಮತ್ತೊಂದು ಉದ್ದೇಶಕ್ಕೆ ಬಳಸಬಹುದೆಂದು ತೋರಿಸಿದರು. ಅಪರಾಧದ ವಿವರವೊಂದನ್ನು ತೋರಿಸಿದಾಗ ಅಲೆ ಎದ್ದರೆ, ಆ ವ್ಯಕ್ತಿಗೆ ಆ ವಿವರ ಮೊದಲೇ ಗೊತ್ತಿತ್ತೆಂದು ಅರ್ಥ. ಮಾತಾಡಲಾರದವನಿಗೆ ಬಾಯಾದ ಯಂತ್ರ ಮಾತಾಡಲೊಲ್ಲದವನ ಬಾಯಿ ಬಿಡಿಸುವ ಯಂತ್ರವೂ ಆಯಿತು. ಯಂತ್ರ ಬದಲಾಗಲಿಲ್ಲ, ಅಲೆಯೂ ಬದಲಾಗಲಿಲ್ಲ, ಸ್ವಾಮಿ ಬದಲಾದನು.

ಭಾರತದಲ್ಲಿ ಈ ಎರಡನೆಯ ದಾರಿಯೇ ಹೆಚ್ಚು ಸದ್ದು ಮಾಡಿತು. ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಅವರು ಮಿದುಳಿನ ವಿದ್ಯುತ್ ಸ್ಪಂದನಗಳಿಂದ ಅನುಭವಜನ್ಯ ನೆನಪನ್ನು ಗುರುತಿಸುವ ಪರೀಕ್ಷೆಯೊಂದನ್ನು ಅಭಿವೃದ್ಧಿಪಡಿಸಿದರು. ೨೦೦೮ರ ಜೂನ್ ತಿಂಗಳಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಈ ಪರೀಕ್ಷೆಯ ಫಲಿತವನ್ನೂ ಆಧಾರವಾಗಿ ಗ್ರಹಿಸಿತು; ಜಗತ್ತಿನ ವಿಜ್ಞಾನಿಗಳು ಆಕ್ಷೇಪಿಸಿದರು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ, ಇಂಥ ಪರೀಕ್ಷೆಗಳು ವೈಜ್ಞಾನಿಕವಾಗಿ ಸಿದ್ಧವಾಗಿಲ್ಲವೆಂದೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದೆಂದೂ ಅಭಿಪ್ರಾಯ ಕೊಟ್ಟಿತು. ಪರೀಕ್ಷೆಯನ್ನು ರೂಪಿಸಿದವರೂ ಅದನ್ನು ತಡೆದವರೂ ಒಂದೇ ಸಂಸ್ಥೆಯ ಪರಂಪರೆಯವರು ಎಂಬುದು ಆ ಸಂಸ್ಥೆಗೆ ಕುಂದಲ್ಲ, ಗೌರವ.

ಆ ವರ್ಷಗಳಲ್ಲಿ ದೇಶದ ನಾನಾ ಕಡೆಗಳಿಂದ ಆರೋಪಿಗಳನ್ನು ಮಂಪರು ಪರೀಕ್ಷೆಗಾಗಿ ಬೆಂಗಳೂರಿಗೆ ಕರೆತರುತ್ತಿದ್ದರು. ಮಡಿವಾಳದ ಪಕ್ಕದ ಕೋರಮಂಗಲ ಪೊಲೀಸ್ ಠಾಣೆಯ ಪ್ರಕರಣವೊಂದರಲ್ಲಿ ಈ ಬಗೆಯ ಪರೀಕ್ಷೆಗಳನ್ನು ಪ್ರಶ್ನಿಸಿದವರ ಅರ್ಜಿ ೨೦೦೪ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅದು ಮೇಲ್ಮನವಿಯಾಗಿ ದೆಹಲಿಗೆ ಹೋಯಿತು. ೨೦೧೦ರ ಮೇ ೫ರಂದು ಸರ್ವೋಚ್ಚ ನ್ಯಾಯಾಲಯ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ತೀರ್ಪಿನಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳು ಪರೀಕ್ಷೆಗಳನ್ನು ನಡೆಸಕೂಡದೆಂದು ಹೇಳಿತು. ಸಂವಿಧಾನದ ೨೦(೩)ನೆಯ ವಿಧಿಯಂತೆ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಒತ್ತಾಯಿಸುವಂತಿಲ್ಲ. ಬಾಯಿ ಮುಚ್ಚಿಕೊಂಡಿರುವ ಹಕ್ಕಿನೊಳಗೆ ಮನಸ್ಸು ಮುಚ್ಚಿಕೊಂಡಿರುವ ಹಕ್ಕೂ ಅಡಗಿದೆ ಎಂಬುದು ಆ ತೀರ್ಪಿನ ತಿರುಳು. ಏಳು ವರ್ಷಗಳ ಬಳಿಕ, ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂದಿತು; ಆ ಅರ್ಜಿಯನ್ನು ಹೂಡಿದವರೂ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ.

ಇಲ್ಲಿ ಜೈನಸಾಹಿತ್ಯದ ವಿದ್ಯಾರ್ಥಿಯೊಬ್ಬ ಆಕ್ಷೇಪವೊಂದನ್ನು ಎತ್ತಬಹುದು. ಮನಸ್ಸಿನ ಸಂಕಲ್ಪವನ್ನೇ ಕರ್ಮವೆಂದು ಎಣಿಸಿದ ಧರ್ಮಕ್ಕೆ, ಮನಸ್ಸನ್ನು ತೆರೆದು ನೋಡುವುದರಲ್ಲಿ ಅಡ್ಡಿ ಏಕೆ? ಕ್ರಿ.ಶ. ೧೨೦೯ರ ಜನ್ನನ ಯಶೋಧರಚರಿತೆಯಲ್ಲಿ ಯಶೋಧರನು ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಜೀವವೊಂದೂ ಸಾಯಲಿಲ್ಲ, ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ಅವನೂ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಬೇಯುತ್ತಾರೆ. ಆಕ್ಷೇಪ ಬಲವಾದುದೇ. ಆದರೆ ಕಾವ್ಯದ ರಚನೆಯನ್ನು ಗಮನಿಸಿದರೆ ಉತ್ತರವೂ ಅಲ್ಲಿಯೇ ಇದೆ. ಯಶೋಧರನ ಸಂಕಲ್ಪವನ್ನು ಯಾವ ಅರಸನೂ ಪರೀಕ್ಷಿಸಲಿಲ್ಲ, ದಂಡಿಸಲಿಲ್ಲ. ಅದರ ಕಥೆ ಲೋಕಕ್ಕೆ ತಿಳಿದುಬಂದದ್ದು ಬಲಿಪೀಠದ ಮುಂದೆ ನಿಂತ ಅಭಯರುಚಿ ಮಾರಿದತ್ತನಿಗೆ ತಾನಾಗಿ ಹೇಳಿದ್ದರಿಂದ. ಆ ಹೇಳಿಕೆ ಕೇಳಿದವನ ಬಾಳನ್ನೇ ಬದಲಿಸಿತು. ಆಲೋಚನೆ, ಪ್ರತಿಕ್ರಮಣಗಳೆಂಬ ಜೈನ ಆಚರಣೆಗಳ ಜೀವಾಳವೂ ಇದೇ: ದೋಷವನ್ನು ಮಾಡಿದವನೇ ಬಾಯಿಬಿಟ್ಟು ಗುರುವಿನ ಮುಂದೆ ನಿವೇದಿಸಬೇಕು. ಹೊರಗಿನವನು ಒಳಹೊಕ್ಕು ತೆಗೆದದ್ದು ನಿವೇದನೆಯಾಗದು. ಅದು ಅದತ್ತಾದಾನ, ಕೊಡದದ್ದನ್ನು ತೆಗೆದುಕೊಂಡದ್ದು.

ಯಂತ್ರ ತೆಗೆದುಕೊಳ್ಳುವುದಾದರೂ ಏನನ್ನು ಎಂಬುದು ಮುಂದಿನ ಪ್ರಶ್ನೆ. ಜೈನದರ್ಶನವು ಮನಸ್ಸನ್ನು ದ್ರವ್ಯಮನಸ್ಸು, ಭಾವಮನಸ್ಸು ಎಂದು ಎರಡಾಗಿ ಕಾಣುತ್ತದೆ. ದ್ರವ್ಯಮನಸ್ಸು ಪುದ್ಗಲದಿಂದಾದದ್ದು, ಭಾವಮನಸ್ಸು ಜೀವದ ಉಪಯೋಗಕ್ಕೆ, ಅರಿವಿನ ವ್ಯಾಪಾರಕ್ಕೆ ಸೇರಿದ್ದು. ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಗಳಿಗೆ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದೆ. ಸುಮಾರು ಒಂದೂಕಾಲು ಕಿಲೋ ತೂಗುವ ಆ ವಸ್ತುವಿನಲ್ಲಿ ಒಮ್ಮೆ ಒಬ್ಬರ ಮನೆಮಾತು, ಮುನಿಸು, ಮಕ್ಕಳ ಹೆಸರು ಎಲ್ಲವೂ ಇದ್ದವು. ಈಗ ಕೈಗೆ ಸಿಗುವುದು ದ್ರವ್ಯ ಮಾತ್ರ. ಬದುಕಿರುವವನ ಹಣೆಗೆ ಕಟ್ಟಿದ ಪಟ್ಟಿಗೂ ಸಿಗುವುದು ಬಹುಮಟ್ಟಿಗೆ ಅದೇ: ಚರ್ಮ, ತಲೆಬುರುಡೆಗಳನ್ನು ದಾಟಿ ಬಂದ, ಮೈಕ್ರೋವೋಲ್ಟುಗಳಲ್ಲಿ ಅಳೆಯುವ, ಕಣ್ಣು ಮಿಟುಕಿಸಿದರೂ ದವಡೆ ಬಿಗಿದರೂ ಕಲಸಿಹೋಗುವ ಕ್ಷೀಣ ಸಂಕೇತ. ಅದರಿಂದ ಮನಸ್ಸಿನ ಸ್ಥಿತಿಯನ್ನು ಅನುಮಾನಿಸಬಹುದು. ಅನುಮಾನವು ಪ್ರತ್ಯಕ್ಷವಲ್ಲ, ತರ್ಕಶಾಸ್ತ್ರ ಓದಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಏಕಾಗ್ರತೆಯನ್ನು ಅಳೆಯುವ ಪಟ್ಟಿಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಧ್ಯಾನವೆಂದರೆ ಚಿತ್ತವು ಒಂದರಲ್ಲಿ ನೆಲೆಗೊಳ್ಳುವುದು. ಆದರೆ ಶಾಸ್ತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲೆರಡನ್ನು ಸಂಸಾರಕ್ಕೂ ಕೊನೆಯೆರಡನ್ನು ಮೋಕ್ಷಕ್ಕೂ ಕಾರಣವೆನ್ನುತ್ತದೆ. ಹಿಂಸೆ, ಸುಳ್ಳು, ಕಳವು, ಸಂಪತ್ತಿನ ರಕ್ಷಣೆ ಇವುಗಳಲ್ಲಿ ನೆಟ್ಟ ಮನಸ್ಸೂ ಏಕಾಗ್ರವೇ, ಅದು ರೌದ್ರಧ್ಯಾನ. ಹಗೆ ತೀರಿಸಿಕೊಳ್ಳಲು ಹೊಂಚು ಹಾಕುವವನ ಏಕಾಗ್ರತೆ ಸಾಮಾಯಿಕಕ್ಕೆ ಕುಳಿತ ಶ್ರಾವಕಿಯ ಏಕಾಗ್ರತೆಗಿಂತ ಕಡಿಮೆಯದೇನಲ್ಲ. ಪಟ್ಟಿ ಇಬ್ಬರಿಗೂ ಒಂದೇ ಅಂಕ ಕೊಟ್ಟರೆ ಆಶ್ಚರ್ಯವಿಲ್ಲ. ಎಷ್ಟು ಎಂಬುದನ್ನು ಅಳೆಯುವ ಸಾಧನಕ್ಕೆ ಯಾವುದರಲ್ಲಿ ಎಂಬುದು ಕಾಣದು.

ಇನ್ನು ಪ್ರಯೋಜನದ ಮಾತು. ೨೦೨೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ನರರೋಗದಿಂದ ಮಾತು ಕಳೆದುಕೊಂಡ ಮಹಿಳೆಯೊಬ್ಬರ ಮಿದುಳಿನ ಸಂಕೇತಗಳಿಂದ ನಿಮಿಷಕ್ಕೆ ೬೨ ಪದಗಳ ವೇಗದಲ್ಲಿ ವಾಕ್ಯಗಳನ್ನು ಬರೆಸಿದರು. ವಿಸ್ತಾರವಾದ ಪದಕೋಶವನ್ನು ಬಳಸಿದಾಗ ಸುಮಾರು ನಾಲ್ಕು ಪದಗಳಲ್ಲಿ ಒಂದು ತಪ್ಪಾಗುತ್ತಿತ್ತು. ಇಂಗ್ಲಿಷಿನ ಸಹಜ ಸಂಭಾಷಣೆಯ ವೇಗ ನಿಮಿಷಕ್ಕೆ ಸುಮಾರು ೧೬೦ ಪದಗಳು. ಆರೋಗ್ಯವಂತನಿಗೆ ಈ ಯಂತ್ರ ಕೊಡುವುದು, ತಲೆಬುರುಡೆ ಕೊರೆಸಿಕೊಂಡ ಮೇಲೂ, ಅವನ ನಾಲಗೆಗಿಂತ ನಿಧಾನವಾದ ಮತ್ತೊಂದು ನಾಲಗೆಯನ್ನು. ಆ ಮಹಿಳೆಗೆ ಮಾತ್ರ ಅದು ಹೋದ ಮಾತು ಮರಳಿ ಬಂದಂತೆ. ಒಂದೇ ಸಾಧನದ ಬೆಲೆ ಅದನ್ನು ಬಳಸುವವನ ಅಗತ್ಯದಿಂದ ನಿರ್ಧಾರವಾಗುತ್ತದೆ. ನಿಮ್ಹಾನ್ಸ್‌ನಲ್ಲಿ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಕಿವುಡು ಮಕ್ಕಳ ಒಳಕಿವಿಗೆ ಅಳವಡಿಸುವ ಕಾಕ್ಲಿಯರ್ ಸಾಧನ ನರದೊಂದಿಗೆ ಯಂತ್ರದ ಬೆಸುಗೆಯೇ. ಅದನ್ನು ಪಡೆದ ಮಕ್ಕಳು ಇಂದು ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಇವನ್ನು ಕಂಡವರು ಯಂತ್ರವನ್ನೇ ಅಲ್ಲಗಳೆಯಲಾರರು.

ಆದರೆ ಯಂತ್ರ ದೇಹದೊಳಗೆ ಹೋದ ಮೇಲೆ ಅದರ ಒಡೆತನ ಕಂಪನಿಯ ಲಾಭನಷ್ಟಕ್ಕೆ ಕಟ್ಟುಬೀಳುತ್ತದೆ. ಅಮೆರಿಕದ ಕಂಪನಿಯೊಂದು ತಯಾರಿಸಿದ ಕೃತಕ ಅಕ್ಷಿಪಟಲವನ್ನು ಜಗತ್ತಿನಲ್ಲಿ ೩೫೦ಕ್ಕೂ ಹೆಚ್ಚು ಅಂಧರು ಅಳವಡಿಸಿಕೊಂಡಿದ್ದರು. ೨೦೨೦ರ ವೇಳೆಗೆ ಕಂಪನಿ ದಿವಾಳಿಯ ಅಂಚಿಗೆ ಬಂದಿತು. ಕೆಟ್ಟರೆ ಸರಿಪಡಿಸುವವರಿಲ್ಲದ ಯಂತ್ರ ಅವರ ಕಣ್ಣೊಳಗೇ ಉಳಿಯಿತು. ಸಂಕೇತಗಳ ಒಡೆತನದ ಪ್ರಶ್ನೆಯೂ ಇದೆ. ಚೀನಾದ ಝೆಜಿಯಾಂಗ್ ಪ್ರಾಂತದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಗಮನವನ್ನು ಅಳೆಯಲು ಹಣೆಪಟ್ಟಿ ಕಟ್ಟಿದ್ದು ೨೦೧೯ರಲ್ಲಿ ಬಯಲಾಗಿ, ಜನರ ವಿರೋಧದಿಂದ ನಿಂತಿತು. ಚಿಲಿ ದೇಶವು ೨೦೨೧ರಲ್ಲಿ ಮಿದುಳಿನ ಚಟುವಟಿಕೆಗೆ ಸಂವಿಧಾನದಲ್ಲಿಯೇ ರಕ್ಷಣೆ ಕೊಟ್ಟಿತು. ೨೦೨೩ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಮಾಜಿ ಸೆನೆಟರೊಬ್ಬರ ಮಿದುಳಿನ ದತ್ತಾಂಶವನ್ನು ಅಳಿಸಬೇಕೆಂದು ಹಣೆಪಟ್ಟಿಯ ಕಂಪನಿಗೆ ಆದೇಶಿಸಿತು. ಭಾರತದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಮಿದುಳಿನ ಸಂಕೇತಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಪೊಲೀಸರಿಗೆ ಸೆಲ್ವಿ ತೀರ್ಪು ಹಾಕಿದ ಕಡಿವಾಣ ಅಂಗಡಿಯವನಿಗೆ ತಾನಾಗಿ ಅನ್ವಯವಾಗದು. ಪೊಲೀಸನು ಒತ್ತಾಯಿಸಿ ಕೇಳುತ್ತಿದ್ದುದನ್ನು ಗ್ರಾಹಕನು ಷರತ್ತುಗಳನ್ನು ಓದದೆ 'ಒಪ್ಪಿದೆ' ಎಂದು ಬೆರಳೊತ್ತಿ ತಾನೇ ಕೊಟ್ಟುಬಿಡಬಹುದು. ಉದ್ಯೋಗ ಕೊಡುವವನೋ ಕೋಚಿಂಗ್ ತರಗತಿಯವನೋ ಪಟ್ಟಿ ಕಟ್ಟಿಕೊಳ್ಳಿ ಎಂದಾಗ ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೊಠಡಿಯಲ್ಲಿರುವ ಹುಡುಗನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ?

ಆದ್ದರಿಂದ ಸಾಮಾನ್ಯ ಗ್ರಾಹಕನಿಗೆ ಈ ಯಂತ್ರದಿಂದ ಸದ್ಯಕ್ಕೆ ಆಗುವ ಲಾಭ ಅಲ್ಪ, ತೆರಬೇಕಾದ ಬೆಲೆ ಅನಿಶ್ಚಿತ ಎನ್ನದೆ ವಿಧಿಯಿಲ್ಲ. ಲಾಭ ನಿಶ್ಚಿತವಾಗಿರುವವರ ಕಡೆಗೆ ಮಾತ್ರ ಇನ್ನೂ ಸಾಕಷ್ಟು ಗಮನ ಹರಿದಿಲ್ಲ. ಜಯನಗರದ ಮನೆಯೊಂದರಲ್ಲಿ, ಅಥವಾ ರಾಯಚೂರಿನ ಹಳ್ಳಿಯೊಂದರಲ್ಲಿ, ಪಾರ್ಶ್ವವಾಯುವಿನಿಂದ ಮೈಯೂ ಮಾತೂ ನಿಂತುಹೋದ, ಅರಿವು ಮಾತ್ರ ಉಳಿದ ಕನ್ನಡದ ಹಿರಿಯ ಜೀವವೊಂದನ್ನು ಊಹಿಸಬಹುದು. ಮನೆಯವರು ಕಾಗದದ ಮೇಲೆ ವರ್ಣಮಾಲೆ ಬರೆದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಕಣ್ಣು ಮುಚ್ಚಿದಾಗ ನಿಲ್ಲುತ್ತಾರೆ. ಫಾರ್ವೆಲ್ ಮತ್ತು ಡೊಂಚಿನ್ ಅವರ ಚೌಕದಲ್ಲಿರುವ ಮನೆಗಳು ೩೬. ಕನ್ನಡದ ವರ್ಣಮಾಲೆಯೇ ೪೯. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಇಂಗ್ಲಿಷಿನ ಚೌಕ ಕನ್ನಡಕ್ಕೆ ಸಾಲದು.

ಹೊಸ ಯಂತ್ರಗಳು ಅಕ್ಷರದ ಬದಲು ಧ್ವನಿಮಾಗಳನ್ನು ಹಿಡಿದು, ಭಾಷಾಮಾದರಿಯ ನೆರವಿನಿಂದ ಪದವನ್ನು ಊಹಿಸುತ್ತವೆ. ಅಲ್ಲಿಯೂ ಕನ್ನಡಕ್ಕೆ ತನ್ನದೇ ತೊಡಕುಗಳಿವೆ. 'ಹೋಗಬೇಕಾಗಿತ್ತಲ್ಲವೇ' ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ವಾಕ್ಯವೇ ಬೇಕು. ಪದಪಟ್ಟಿಯಿಂದ ಊಹಿಸುವ ಯಂತ್ರಕ್ಕೆ ಪ್ರತ್ಯಯಗಳು ಪೋಣಿಸಿಕೊಂಡು ಬೆಳೆಯುವ ಕ್ರಿಯಾಪದ ಸಿಗುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಆಡುಮಾತಿನಲ್ಲಿ ಎಲ್ಲೆಲ್ಲಿ ಒಂದಾಗುತ್ತವೆ, ರಾಯಚೂರಿನ ಮುದುಕಿಯ ಮನಸ್ಸಿನಲ್ಲಿ ಮೊದಲು ಮೂಡುವ ರೂಪ ಗ್ರಂಥಸ್ಥ ಕನ್ನಡದ್ದೋ ಅವಳ ಊರಿನದೋ ಎಂಬುದನ್ನು ಯಂತ್ರತಜ್ಞರು ನಿರ್ಧರಿಸಲಾರರು. ಅದು ವ್ಯಾಕರಣ, ಉಪಭಾಷೆ, ಪದಕೋಶಗಳಲ್ಲಿ ದುಡಿದವರ ಕೆಲಸ. ಕೇಶಿರಾಜನಿಂದ ಇಂದಿನವರೆಗೆ ಕನ್ನಡ ವಿದ್ವಾಂಸರು ಧ್ವನಿ, ಪ್ರತ್ಯಯ, ಸಂಧಿಗಳನ್ನು ಕುರಿತು ಕೂಡಿಟ್ಟ ತಿಳಿವಳಿಕೆ ಇಂಥ ಒಂದು ಉಪಯೋಗಕ್ಕೆ ಬರಬಹುದೆಂದು ಯಾರೂ ಎಣಿಸಿರಲಾರರು. ಸಂಶೋಧನೆಗೆ ವಿಷಯ ಹುಡುಕುವ ಕನ್ನಡ ವಿದ್ಯಾರ್ಥಿಗೆ ಇದಕ್ಕಿಂತ ಉಪಕಾರಿಯಾದ ಕ್ಷೇತ್ರ ಸುಲಭವಾಗಿ ಸಿಗದು.

ಅಂಥ ಯಂತ್ರ ಸಿದ್ಧವಾದ ದಿನವೂ ಸೂತ್ರಕಾರನ ನಾಲ್ಕು ನೆಲೆಗಳಲ್ಲಿ ಮೂರನೆಯದನ್ನು ಮರೆಯುವಂತಿಲ್ಲ. ಹಾಸಿಗೆ ಹಿಡಿದ ಆ ಹಿರಿಯರ ಮನಸ್ಸಿನಿಂದ ಪರದೆಗೆ ಬರುವ ಮಾತಿಗೆ ಸ್ವಾಮಿ ಅವರೇ. ಏನನ್ನು ಹೇಳಬೇಕು, ಯಾರಿಗೆ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬ ಮೂರೂ ಅವರ ಕೈಯಲ್ಲಿ ಉಳಿದರೆ ಮಾತ್ರ ಅದು ಮಾತೆನಿಸಿಕೊಳ್ಳುತ್ತದೆ. ಹಾಗಲ್ಲವಾದರೆ, ಅದು ಹೊಸೂರು ರಸ್ತೆಯ ಆ ಇನ್ನೊಂದು ತುದಿಯಲ್ಲಿ ಒಮ್ಮೆ ನಡೆಯುತ್ತಿದ್ದ ಪರೀಕ್ಷೆಯೇ.